ಹ್ಯೂಸ್ಟನ್ನಿನಲ್ಲಿ ವಿಯೆಟ್ನಾಮಿ–ಕೇಜನ್ ಕ್ರಾಫಿಶ್: ನಾನು ಹೋಟೆಲು ಆರಿಸಿಕೊಳ್ಳುವ ಬಗೆ

ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ ಕ್ರಾಫಿಶ್ (ಸಿಹಿನೀರಿನಲ್ಲಿ ಬೆಳೆಯುವ, ಪುಟ್ಟ ಲಾಬ್‌ಸ್ಟರಿನಂಥ ಚಿಪ್ಪುಜೀವಿ) ಬೇಯಿಸಿ ಕೊಡುವ ಹೋಟೆಲುಗಳಿಗೆ ಬರವಿಲ್ಲ. ಆದರೆ ವಿಯೆಟ್ನಾಮಿ ಕೈರುಚಿ ಬೇಕೆಂದಾಗ ನಾನು ಊರಿನ ನೈರುತ್ಯ ಭಾಗದಲ್ಲಿರುವ ಬೆಲ್ಲೇರ್ ಬುಲೆವಾರ್ಡ್ ಕಡೆಗೇ ಹೋಗುತ್ತೇನೆ. 1975ರಲ್ಲಿ ಸೈಗಾನ್ ಪತನವಾದ ಮೇಲೆ ನಿರಾಶ್ರಿತರಾಗಿ ಬಂದ ವಿಯೆಟ್ನಾಮಿಗಳಲ್ಲಿ ಅನೇಕರು ಮೆಕ್ಸಿಕೋ ಕೊಲ್ಲಿಯ ದಡದಲ್ಲಿ ಸಿಗಡಿ ಹಿಡಿಯುವ ಕಸುಬಿಗಿಳಿದು, ನೆರೆಯ ಲೂಸಿಯಾನಾ ರಾಜ್ಯದ ಕೇಜನ್ ಅಡುಗೆಯನ್ನೂ (ಅಲ್ಲಿನ ಫ್ರೆಂಚ್ ಮೂಲದವರ ಅಡುಗೆ) ರೂಢಿಸಿಕೊಂಡರು.

ಲೂಸಿಯಾನಾದವರು ಮಸಾಲೆಯನ್ನೆಲ್ಲ ಕುದಿಯುವ ನೀರಿಗೇ ಹಾಕಿ, ಒಲೆ ಆರಿಸಿದ ಮೇಲೂ ಕ್ರಾಫಿಶ್ ಅದರಲ್ಲೇ ನೆನೆಯಲು ಬಿಡುತ್ತಾರೆ. ಬೆಲ್ಲೇರಿನ ಅಡುಗೆಯವರು ಬೆಂದದ್ದನ್ನು ಬಸಿದು, ಕರಗಿದ ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನ ಪುಡಿ, ಕೆಲವೆಡೆ ಮಜ್ಜಿಗೆ ಹುಲ್ಲು ಅಥವಾ ಕಿತ್ತಳೆ ಸೇರಿದ ಮಸಾಲೆಯಲ್ಲಿ ಮತ್ತೊಮ್ಮೆ ಹೊರಳಿಸುತ್ತಾರೆ. ಹೊಸ ಹೋಟೆಲಿನಲ್ಲಿ ನಾನು ಮೊದಲು ಗಮನಿಸುವುದು ಈ ಮಸಾಲೆಯನ್ನೇ: ಬೆಳ್ಳುಳ್ಳಿಯ ಚೂರುಗಳು ಚಿಪ್ಪಿಗೆ ಅಂಟಿಕೊಂಡು, ಹಸಿ ವಾಸನೆ ಹೋಗಿ, ತಟ್ಟೆಯ ತಳದಲ್ಲಿ ಕೆಂಪು ಬೆಣ್ಣೆ ನಿಂತಿರಬೇಕು. ಬರೀ ಪುಡಿ ಉದುರಿಸಿ ತಂದಿಟ್ಟರೆ ಅಲ್ಲಿಗೆ ಮತ್ತೆ ಹೋಗುವುದಿಲ್ಲ. ಹೊಸಬರಿಗೆ ನಾನು ಸೂಚಿಸುವುದು ಟ್ರಾಂಗ್ ನುಯೆನ್ ಅವರ 'ಕ್ರಾಫಿಶ್ ಅಂಡ್ ನೂಡಲ್ಸ್'. ಅಮೆರಿಕದ ಅಡುಗೆಯವರಿಗೆ ಕೊಡುವ ಹೆಸರಾಂತ ಜೇಮ್ಸ್ ಬಿಯರ್ಡ್ ಪ್ರಶಸ್ತಿಯ ಪಟ್ಟಿಗಳಲ್ಲಿ ಅವರ ಹೆಸರು ಬಂದದ್ದುಂಟು.

ಹೋಟೆಲಿನಷ್ಟೇ ಮುಖ್ಯವಾದದ್ದು ಕಾಲ. ಲೂಸಿಯಾನಾದ ರೈತರು ಭತ್ತದ ಕೊಯ್ಲಾದ ಗದ್ದೆಗೆ ನೀರು ನಿಲ್ಲಿಸಿ ಕ್ರಾಫಿಶ್ ಬೆಳೆಸುತ್ತಾರೆ. ಮಲೆನಾಡಿನ ಗದ್ದೆ ಏಡಿಯ ಸಾರು ಉಂಡವರಿಗೆ ಇದರ ರುಚಿ ಪೂರಾ ಅಪರಿಚಿತವೆನಿಸದು. ಜನವರಿಯಿಂದ ಜೂನ್‌ವರೆಗೆ ಮಾಲು ಬರುತ್ತದೆಯಾದರೂ ಮಾರ್ಚ್‌ನಿಂದ ಮೇವರೆಗಿನದೇ ದಪ್ಪ ಮತ್ತು ಅಗ್ಗ. ಉಳಿದ ತಿಂಗಳುಗಳಲ್ಲಿ ಸಿಗುವುದು ಹೆಚ್ಚಾಗಿ ಶೈತ್ಯೀಕರಿಸಿದ್ದು, ಮಾಂಸ ಮೆತ್ತಗಾಗಿರುತ್ತದೆ. ಆಗ ನಾನು ಅದೇ ಮಸಾಲೆಯಲ್ಲಿ ಸಿಗಡಿಯನ್ನೋ ಏಡಿಯನ್ನೋ ಕೇಳುತ್ತೇನೆ. 2023ರ ಬರಗಾಲದಿಂದಾಗಿ ಮರುವರ್ಷ ಬೆಲೆ ವಿಪರೀತ ಏರಿತ್ತು. ಮಾಮೂಲಿ ವರ್ಷಗಳಲ್ಲೂ ದರ ವಾರವಾರಕ್ಕೆ ಬದಲಾಗುವುದರಿಂದ, ಹೊರಡುವ ಮುನ್ನ ಫೋನ್ ಮಾಡಿ ಪೌಂಡಿಗೆ ಎಷ್ಟೆಂದು ಕೇಳುವುದು ಒಳ್ಳೆಯದು. ತೂಕದಲ್ಲಿ ತಿನ್ನಲು ದಕ್ಕುವ ಬಾಲದ ಮಾಂಸ ಸುಮಾರು ಶೇ. 15 ಮಾತ್ರ, ಆದ್ದರಿಂದ ಒಬ್ಬರಿಗೆ ಮೂರು ಪೌಂಡ್ ಹೇಳಿದರೂ ಹೆಚ್ಚಾಗದು.

ಬಾಲ ನೆಟ್ಟಗಿದ್ದರೆ ಅದು ಸತ್ತ ಮೇಲೆ ಬೇಯಿಸಿದ್ದೆಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಪಾತ್ರೆಯಲ್ಲಿ ಒತ್ತೊತ್ತಾಗಿ ತುಂಬಿದರೂ ಬಾಲ ಮಡಚಿಕೊಳ್ಳದೆ ಉಳಿಯಬಹುದಾದ್ದರಿಂದ ನಾನು ಮಾಂಸದ ಗಟ್ಟಿತನವನ್ನೇ ನಂಬುತ್ತೇನೆ. ತಲೆಯನ್ನು ತಿರುಚಿ ಬೇರ್ಪಡಿಸಿ, ಒಳಗಿನ ಹಳದಿ ಕೊಬ್ಬನ್ನು ಹೀರಿದ ಮೇಲೆ, ಬಾಲದ ಮೊದಲ ಉಂಗುರ ಬಿಡಿಸಿ ಎಳೆದರೆ ಮಾಂಸ ಇಡಿಯಾಗಿ ಬರಬೇಕು. ಅದನ್ನು ಉಪ್ಪು, ಕಾಳುಮೆಣಸು, ನಿಂಬೆರಸ ಕಲಸಿದ ಬಟ್ಟಲಿಗೆ ಅದ್ದಿ ತಿನ್ನಬೇಕು. ಈ ಬಟ್ಟಲನ್ನು ಕೆಲವು ಕಡೆ ಕೇಳಿದರಷ್ಟೇ ಕೊಡುತ್ತಾರೆ.