ರೈಲು ನಿಲ್ದಾಣದ ಪಾರ್ಕಿಂಗ್ ‘ದಂಡ’ವನ್ನು ಪ್ರಶ್ನಿಸಿದ ನನ್ನ ಅನುಭವ

ಅಪ್ಪನನ್ನು ಚಿಕಿತ್ಸೆಗಾಗಿ ತಿರುವನಂತಪುರಕ್ಕೆ ಕರೆದುಕೊಂಡು ಹೋಗುವಾಗ ನಮ್ಮ ಕಾರನ್ನು ಕಾಸರಗೋಡು ಜಿಲ್ಲೆಯ ಒಂದು ರೈಲು ನಿಲ್ದಾಣದ ಪಾರ್ಕಿಂಗ್‌ನಲ್ಲಿ ಬಿಟ್ಟಿದ್ದೆ. ಎರಡು ದಿನದಲ್ಲಿ ಮುಗಿಯಬೇಕಾಗಿದ್ದ ಕೆಲಸಕ್ಕೆ ವೈದ್ಯರು ಇನ್ನೊಂದು ದಿನ ನಿಲ್ಲಬೇಕೆಂದರು. ಹೋದದ್ದು ಸಂಜೆಯ ರೈಲಿಗೆ, ಮರಳಿ ಬಂದು ಇಳಿದದ್ದು ಬೆಳಗ್ಗೆ ಆರೂವರೆಗೆ. ಅಷ್ಟರಲ್ಲಿ ಸುಮಾರು 84 ಗಂಟೆ ಕಳೆದಿತ್ತು. ಕಾರಿನ ಮುಂದಿನ ಚಕ್ರಕ್ಕೆ ಕಬ್ಬಿಣದ ಬೀಗ ಬಿದ್ದಿತ್ತು. “ಅಕ್ಕ, ಮೂರು ದಿನಕ್ಕಿಂತ ಹೆಚ್ಚು ಇಡುವುದಾದರೆ ಮೊದಲೇ ಹೇಳಬೇಕಿತ್ತು, 600 ರೂಪಾಯಿ ದಂಡ ಉಂಟು” ಎಂದು ಅಲ್ಲಿದ್ದ ಹುಡುಗ ಹೇಳಿದ. ಪ್ರವೇಶದ ಚೀಟಿಯಲ್ಲಿದ್ದಂತೆ 24 ಗಂಟೆಗೆ 60 ರೂಪಾಯಿ, ನಾಲ್ಕು ದಿನದ ಲೆಕ್ಕದಲ್ಲಿ 240 ರೂಪಾಯಿ ನಾನು ಕೊಡಬೇಕಾದ ಬಾಡಿಗೆ. ಅದರಲ್ಲಿ ನನಗೆ ತಕರಾರಿರಲಿಲ್ಲ.

ರಾತ್ರಿಯಿಡೀ ಪ್ರಯಾಣ ಮಾಡಿ ಬಳಲಿದ್ದ ಅಪ್ಪನನ್ನು ನಿಲ್ಲಿಸಿಕೊಂಡು ವಾದಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆದರೆ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತೆಯಾಗಿ ಹದಿನಾಲ್ಕು ವರ್ಷ ರಶೀದಿಗಳ ನಡುವೆಯೇ ಕೆಲಸ ಮಾಡಿದವಳಾದ್ದರಿಂದ, ಹಣ ಕೊಡುವುದಕ್ಕೆ ಮೊದಲು ಚಕ್ರದ ಬೀಗ, ದರದ ಫಲಕ ಮತ್ತು ಪ್ರವೇಶದ ಚೀಟಿಯ ಎರಡೂ ಬದಿಗಳ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದೆ. 240 ಮತ್ತು 600ನ್ನು ಒಟ್ಟಿಗೆ ಕೊಡದೆ ಎರಡು ಬೇರೆ ಪಾವತಿಗಳಾಗಿ ಯುಪಿಐ ಮೂಲಕ ಕಳುಹಿಸಿ, ಎರಡನೆಯದರ ಟಿಪ್ಪಣಿಯಲ್ಲಿ “ಆಕ್ಷೇಪದೊಂದಿಗೆ ಪಾವತಿ” ಎಂದು ಬರೆದೆ. ರಶೀದಿ ಕೇಳಿದಾಗ 240ಕ್ಕೆ ಮಾತ್ರ ಅಚ್ಚಾದ ಚೀಟಿ ಬಂತು. 600ಕ್ಕೆ ಯಾವ ಕಾಗದವೂ ಇಲ್ಲವೆಂದದ್ದರಿಂದ ಅದೇ ಚೀಟಿಯ ಹಿಂಬದಿಯಲ್ಲಿ ಮೊತ್ತ, ದಿನಾಂಕ ಬರೆಸಿ ಸಹಿ ಹಾಕಿಸಿಕೊಂಡೆ. ಆ ಹುಡುಗನೊಂದಿಗೆ ನಾನು ದನಿಯೇರಿಸಲಿಲ್ಲ; ಅವನು ಸಂಬಳಕ್ಕೆ ನಿಂತವನು, ನಿಯಮ ಮಾಡಿದವನಲ್ಲ. ಮನೆಗೆ ಬಂದು ನೋಡಿದಾಗ ಎರಡನೆಯ ಪಾವತಿ ಗುತ್ತಿಗೆದಾರ ಸಂಸ್ಥೆಯ ಖಾತೆಗೆ ಹೋಗದೆ ವ್ಯಕ್ತಿಯೊಬ್ಬರ ಖಾತೆಗೆ ಹೋಗಿತ್ತು. ಮುಂದೆ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಸಾಕ್ಷ್ಯ ಇದೇ.

ನಾನು ಮೊದಲು ಬಿಡಿಸಿಕೊಂಡದ್ದು ‘ದಂಡ’ ಎಂಬ ಪದವನ್ನು. ದಂಡ ವಿಧಿಸುವ ಅಧಿಕಾರ ಕಾನೂನಿನಿಂದ ಬರಬೇಕು. ಪಾರ್ಕಿಂಗ್ ಜಾಗವನ್ನು ಗುತ್ತಿಗೆಗೆ ಹಿಡಿದವರಿಗೆ ರೈಲ್ವೆಯು ಕೊಡುವುದು ನಿಗದಿತ ದರದಲ್ಲಿ ಶುಲ್ಕ ವಸೂಲು ಮಾಡುವ ಪರವಾನಗಿಯನ್ನು. ಅವರಿಗೂ ನಮಗೂ ಇರುವುದು ಚೀಟಿ ಮತ್ತು ಫಲಕದ ಮೇಲೆ ನಿಂತ ಒಪ್ಪಂದವಷ್ಟೇ. ಒಪ್ಪಂದ ಮೀರಿದವರು ಇಂತಿಷ್ಟು ಕೊಡಬೇಕೆಂದು ಬರೆದಿದ್ದರೂ, 1872ರ ಭಾರತೀಯ ಒಪ್ಪಂದ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ದೊರೆಯುವುದು ಆ ಮೊತ್ತಕ್ಕೆ ಮೀರದ ಸಮಂಜಸ ಪರಿಹಾರ ಮಾತ್ರ. 1963ರ ಫತೇಹ್ ಚಂದ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ವಿವರಿಸಿದೆ. ಹೆಚ್ಚಿನ ದಿನದ ಬಾಡಿಗೆಯನ್ನು ನಾನು ಕೊಟ್ಟಾಗಿತ್ತು. ಅದರ ಮೇಲೆ 600 ರೂಪಾಯಿಯಷ್ಟು ನಷ್ಟ ಅವರಿಗೆ ಹೇಗಾಯಿತು ಎಂಬುದೇ ನನ್ನ ಪ್ರಶ್ನೆಯಾಗಿತ್ತು.

ಅದೇ ದಿನ ರೈಲ್ವೆಯ ಸಹಾಯವಾಣಿ 139ಕ್ಕೆ ಕರೆ ಮಾಡಿ ದೂರು ಕೊಟ್ಟೆ. ಅಲ್ಲಿಂದ ಹಣ ಬರಲಿಲ್ಲವಾದರೂ ದೂರಿನ ಸಂಖ್ಯೆ ಮತ್ತು ದಿನಾಂಕ ದಾಖಲಾದವು.

ನಿಜವಾಗಿ ದಾರಿ ತೆರೆದುಕೊಟ್ಟದ್ದು ಮಾಹಿತಿ ಹಕ್ಕು. ನಮ್ಮ ಜಿಲ್ಲೆಯ ನಿಲ್ದಾಣಗಳು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿದವು. ಆದ್ದರಿಂದ ಅಲ್ಲಿನ ಸಾರ್ವಜನಿಕ ಮಾಹಿತಿ ಅಧಿಕಾರಿಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಅರ್ಜಿ ಕಳುಹಿಸಿದೆ. ಕೇಂದ್ರ ಸರ್ಕಾರದ ಆರ್‌ಟಿಐ ಜಾಲತಾಣದಲ್ಲಿಯೂ ಇದನ್ನು ಸಲ್ಲಿಸಬಹುದು. “ಇಷ್ಟು ದಂಡ ಏಕೆ ತೆಗೆದುಕೊಂಡಿರಿ” ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ, ಏಕೆಂದರೆ 2005ರ ಕಾಯ್ದೆಯಡಿ ಅವರು ಕೊಡಬೇಕಾದದ್ದು ಕಚೇರಿಯಲ್ಲಿರುವ ದಾಖಲೆಯನ್ನೇ ಹೊರತು ಸಮಜಾಯಿಷಿಯನ್ನಲ್ಲ. ಹಾಗಾಗಿ ಆ ನಿಲ್ದಾಣದ ಪಾರ್ಕಿಂಗ್ ಪರವಾನಗಿಯ ಪ್ರತಿ, ಮಂಜೂರಾದ ದರಪಟ್ಟಿ, ಅವಧಿ ಮೀರಿ ನಿಂತ ವಾಹನಗಳ ಬಗೆಗಿನ ಷರತ್ತು, ಚಕ್ರಕ್ಕೆ ಬೀಗ ಹಾಕಲು ಅನುಮತಿಯಿದ್ದರೆ ಆ ಆದೇಶದ ಪ್ರತಿ, ಗುತ್ತಿಗೆದಾರರ ಅಂಚೆ ವಿಳಾಸ, ಇವಿಷ್ಟನ್ನೇ ಕೇಳಿದೆ. 30 ದಿನಗಳೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮತ್ತೆ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು. ನನಗೆ ಇಪ್ಪತ್ತೇಳನೆಯ ದಿನ ಲಕೋಟೆ ಬಂತು. ದರಪಟ್ಟಿಯಲ್ಲಿ ಪ್ರತಿ 24 ಗಂಟೆಗೂ ಅದೇ ದರ ಮುಂದುವರಿಯುತ್ತದೆ ಎಂದಿತ್ತು, ದಂಡದ ಮಾತೇ ಇರಲಿಲ್ಲ. ಬೀಗಕ್ಕೆ ಸಂಬಂಧಿಸಿದ ಪ್ರಶ್ನೆಗೆ ಅಂಥ ಆದೇಶ ಕಡತದಲ್ಲಿಲ್ಲ ಎಂಬ ಒಂದೇ ಸಾಲಿನ ಉತ್ತರವಿತ್ತು. ಆ ಒಂದು ಸಾಲನ್ನು ಓದಿ ನನಗಾದ ಸಮಾಧಾನ 600 ರೂಪಾಯಿಗಿಂತ ದೊಡ್ಡದು.

ಬಳಿಕ ಗುತ್ತಿಗೆದಾರರಿಗೆ ನೋಟಿಸು ಬರೆದೆ. ವಕೀಲರ ಸಹಾಯ ಪಡೆಯಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನು ಓದುವಾಗ ಮೊದಲು ನನ್ನ ಕಣ್ಣಿಗೆ ಬಿದ್ದದ್ದು 2(46)ನೇ ಸೆಕ್ಷನ್. ಆಗುವ ನಷ್ಟಕ್ಕೆ ಸ್ವಲ್ಪವೂ ತಾಳೆಯಾಗದ ದಂಡವನ್ನು ಹೇರುವ ಒಪ್ಪಂದವನ್ನು ಅದು ಅನ್ಯಾಯದ ಒಪ್ಪಂದವೆಂದು ಕರೆಯುತ್ತದೆ. ಇದೇ ನನ್ನ ಪ್ರಕರಣವೆಂದು ಸಂತೋಷಪಟ್ಟೆ. ಆದರೆ ಅನ್ಯಾಯದ ಒಪ್ಪಂದದ ದೂರುಗಳು ಜಿಲ್ಲಾ ಗ್ರಾಹಕ ಆಯೋಗದ ವ್ಯಾಪ್ತಿಯಲ್ಲಿಲ್ಲ, ರಾಜ್ಯ ಆಯೋಗಕ್ಕೆ ಹೋಗಬೇಕು ಎಂಬುದು ಮುಂದೆ ಓದಿದಾಗ ತಿಳಿಯಿತು. 600 ರೂಪಾಯಿಗಾಗಿ ಅಷ್ಟು ದೂರ ಹೋಗುವ ಅಗತ್ಯವಿರಲಿಲ್ಲ. ತಾವೇ ಪ್ರದರ್ಶಿಸಿದ ದರಪಟ್ಟಿಗಿಂತ ಹೆಚ್ಚು ಬೆಲೆ ಪಡೆದರೆ ದೂರು ಕೊಡಬಹುದೆಂದು 2(6)ನೇ ಸೆಕ್ಷನ್ ಹೇಳುತ್ತದೆ. ರಶೀದಿ ಕೊಡದಿರುವುದು 2(47)ರಲ್ಲಿ ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿನಲ್ಲಿದೆ. ಈ ಎರಡನ್ನೇ ನೋಟಿಸಿನಲ್ಲಿ ಆಧಾರವಾಗಿ ಕೊಟ್ಟು, 15 ದಿನಗಳೊಳಗೆ ಹಣ ಮರಳಿಸದಿದ್ದರೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವೆನೆಂದು ತಿಳಿಸಿದೆ. ದೂರುದಾರರು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು, 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ, ಎರಡು ವರ್ಷಗಳ ಕಾಲಾವಕಾಶವಿದೆ. ಬೆದರಿಕೆಗಾಗಿ ಬರೆದ ಮಾತು ಅದಾಗಿರಲಿಲ್ಲ, ದೂರಿನ ಕರಡು ಸಿದ್ಧವಾಗಿತ್ತು.

ಮೊದಲ ಉತ್ತರ ಫೋನಿನಲ್ಲಿ ಬಂತು. “ಅಷ್ಟು ಸಣ್ಣ ಮೊತ್ತಕ್ಕೆ ಯಾಕೆ ಮೇಡಂ, 300 ಕೊಡುತ್ತೇವೆ, ಮುಗಿಸಿಬಿಡಿ” ಎಂದರು. ಹೇಳುವುದನ್ನು ಬರಹದಲ್ಲಿ ಕಳುಹಿಸಿ ಎಂದಷ್ಟೇ ಹೇಳಿ ಫೋನ್ ಇಟ್ಟೆ. ಅರ್ಧಕ್ಕೆ ಒಪ್ಪಿದ್ದರೆ ಇನ್ನರ್ಧವನ್ನು ಪಡೆಯುವ ಹಕ್ಕು ಅವರಿಗಿದೆ ಎಂದು ನಾನೇ ಸಹಿ ಹಾಕಿಕೊಟ್ಟಂತಾಗುತ್ತಿತ್ತು. ಆ ನೋಟಿಸಿನ ಪ್ರತಿಯನ್ನು, ಖಾಸಗಿ ಖಾತೆಗೆ ಹಣ ಹೋದ ಬ್ಯಾಂಕ್ ವಿವರದೊಂದಿಗೆ, ರೈಲ್ವೆಯ ವಾಣಿಜ್ಯ ವಿಭಾಗಕ್ಕೂ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದ್ದೆ. ಹನ್ನೊಂದನೆಯ ದಿನ 600 ರೂಪಾಯಿ, ಈ ಬಾರಿ ಸಂಸ್ಥೆಯ ಖಾತೆಯಿಂದ, ನನ್ನ ಖಾತೆಗೆ ಬಂತು.

ವಾಣಿಜ್ಯ ವಿಭಾಗಕ್ಕೆ ಬರೆದ ಪತ್ರದಲ್ಲಿ ಇನ್ನೊಂದು ಬೇಡಿಕೆಯೂ ಇತ್ತು. ಆ ದರದ ಫಲಕ ಮಲಯಾಳ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಕನ್ನಡ ಶಾಲೆಯಲ್ಲಿ ಓದಿದ ಅಪ್ಪ ಅದರ ಮುಂದೆ ನಿಂತು, ಇದರಲ್ಲಿ ದಂಡದ ವಿಷಯ ಬರೆದಿದೆಯೇ ಎಂದು ಅಂದು ಬೆಳಗ್ಗೆ ನನ್ನನ್ನು ಕೇಳಿದ್ದರು. ಮಾಹಿತಿ ಹಕ್ಕಿನ ಅರ್ಜಿಯನ್ನು ನಾನು ಇಂಗ್ಲಿಷಿನಲ್ಲಿ ಬರೆದಿದ್ದೆ. ಆದರೆ ಕುಂದುಕೊರತೆಯ ಮನವಿಯನ್ನು ಕೇಂದ್ರದ ಯಾವ ಅಧಿಕಾರಿಗೇ ಆಗಲಿ ಒಕ್ಕೂಟದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದೆಂದು ಸಂವಿಧಾನದ 350ನೇ ವಿಧಿ ಹೇಳುವುದರಿಂದ, ಈ ಪತ್ರವನ್ನು ಕನ್ನಡದಲ್ಲಿಯೇ ಬರೆದು, ದರಪಟ್ಟಿಯನ್ನು ಕನ್ನಡದಲ್ಲಿಯೂ ಹಾಕಬೇಕೆಂದು ಕೇಳಿಕೊಂಡೆ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ. ಮುಂದಿನ ವಾರ ನೆನಪೋಲೆ ಹಾಕುತ್ತೇನೆ.