ಗಲ್ಫಿನ ಸಂಬಳ ಬಿಟ್ಟು ಉಪ್ಪಳದಲ್ಲಿ ಅರ್ಜಿ ಬರೆಯಲು ಕುಳಿತದ್ದು

ದುಬೈಯ ಗುತ್ತಿಗೆ ಕಂಪೆನಿಯೊಂದರಲ್ಲಿ ಹತ್ತು ಹನ್ನೆರಡು ವರ್ಷ ಕಾರ್ಮಿಕರ ವೀಸಾ, ಸಂಬಳ, ಲೆಕ್ಕ ಚುಕ್ತಾಗಳ ಕಡತ ನೋಡಿಕೊಂಡಿದ್ದ ನಾನು, ಇನ್ನು ಮುಂದೆ ಅದೇ ವಿದ್ಯೆಯನ್ನು ಕಾರ್ಮಿಕರ ಪರವಾಗಿ ಬಳಸುತ್ತೇನೆಂದು ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳಕ್ಕೆ ಮರಳಿದಾಗ ದೊಡ್ಡಪ್ಪ ಕೇಳಿದರು: “ಅರ್ಜಿ ಬರೆದು ಗಂಜಿ ಕುಡಿಯಲಿಕ್ಕುಂಟಾ ಮಾರಾಯಾ?” ಉಂಟು ಎಂದು ಈಗ ಲೆಕ್ಕ ಸಹಿತ ಹೇಳಬಲ್ಲೆ.

ಮೊದಲಿನ ಎರಡು ದಾರಿಗಳು ಫಲಿಸಲಿಲ್ಲ. ಟ್ರಸ್ಟ್ ನೋಂದಣಿ, ಲೆಟರ್‌ಹೆಡ್, ಬ್ಯಾನರು, ಬಾಡಿಗೆ ಕೋಣೆಯ ಮುಂಗಡ ಎಂದು ಅರವತ್ತು ಎಪ್ಪತ್ತು ಸಾವಿರ ರೂಪಾಯಿ ಕರಗಿತು. ದೇಣಿಗೆ ಕೊಡುತ್ತೇವೆಂದವರು ಫಲಕದಲ್ಲಿ ತಮ್ಮ ಹೆಸರು ಎಲ್ಲಿ ಬರುತ್ತದೆಂದು ವಿಚಾರಿಸಿ ಹೋದರು. ಆಮೇಲೆ ಮಂಜೇಶ್ವರ ತಾಲೂಕಿನ ಕೆಲವು ಶಾಲೆಗಳಲ್ಲಿ ಮಾಹಿತಿ ಶಿಬಿರ ನಡೆಸಿದೆ. ಜನ ಬಂದರು, ಚಹಾ ಕುಡಿದರು, ಬಾಯಿ ಮಾತ್ರ ಬಿಡಲಿಲ್ಲ. ಮಗನ ಸಂಬಳ ನಿಂತಿದೆ ಎಂದು ನೆರೆಕರೆಯವರ ಮುಂದೆ ಯಾವ ತಾಯಿ ಹೇಳುತ್ತಾಳೆ?

ಕೊನೆಗೆ ಕೈ ಹಿಡಿದದ್ದು ಅಡಿಕೆ ವ್ಯಾಪಾರಿಯೊಬ್ಬರ ಅಂಗಡಿಯ ಹಿಂಬದಿಯ ಮೇಜು. ಬೆಳಗ್ಗೆ ಅವರದ್ದೂ ಇನ್ನಿಬ್ಬರದ್ದೂ ಜಿಎಸ್‌ಟಿ ಲೆಕ್ಕ ಬರೆದರೆ ತಿಂಗಳಿಗೆ ಹದಿನೆಂಟು ಇಪ್ಪತ್ತು ಸಾವಿರ ಸಿಗುತ್ತದೆ. ಸಂಜೆಯ ಹೊತ್ತು ಉಚಿತ ಸೇವೆಗೆ. ಗಲ್ಫಿನಲ್ಲಿ ಇದರ ಐದು ಪಟ್ಟು ಬರುತ್ತಿತ್ತು. ಉಳಿತಾಯದಲ್ಲಿ ಎಂಟು ಲಕ್ಷದಷ್ಟನ್ನು ಠೇವಣಿಯಿಟ್ಟು, ಮಕ್ಕಳ ಓದಿಗಲ್ಲದೆ ಮುಟ್ಟುವುದಿಲ್ಲವೆಂದು ಹೆಂಡತಿಗೆ ಮಾತು ಕೊಟ್ಟಿದ್ದೆ. ಈವರೆಗೆ ಮುಟ್ಟಿಲ್ಲ.

ಬಂದವರ ಕಷ್ಟ ಕೇಳುವ ಮೊದಲು ನಾನು ಕಾಗದ ಕೇಳುತ್ತೇನೆ: ಕರಾರುಪತ್ರ, ಕೊನೆಯ ಸಂಬಳ ಚೀಟಿ, ವೀಸಾದ ಪ್ರತಿ. ಕುಂಬಳೆ ಕಡೆಯ ಒಬ್ಬ ಹುಡುಗ ಏಳು ವರ್ಷ ದುಡಿದಿದ್ದ. ಮೂಲ ವೇತನ 1,200 ದಿರ್ಹಮ್. ಯುಎಇ ಕಾನೂನಿನಂತೆ ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ, ಆಮೇಲೆ ವರ್ಷಕ್ಕೆ 30 ದಿನದ ಮೂಲ ವೇತನ ಗ್ರಾಚ್ಯುಯಿಟಿಯಾಗಿ, ಅಂದರೆ ಕೆಲಸ ಬಿಡುವಾಗಿನ ಸೇವಾ ಹಣವಾಗಿ, ಸಲ್ಲಬೇಕು. 105ಕ್ಕೆ 60 ಕೂಡಿದರೆ 165 ದಿನ. ದಿನಕ್ಕೆ 40ರಂತೆ 6,600 ದಿರ್ಹಮ್. ಕಂಪೆನಿಯವರು ಮೂರು ಸಾವಿರ ಕೊಟ್ಟು, ಎಲ್ಲ ಬಾಕಿ ತೀರಿತೆಂದು ಸಹಿ ಹಾಕಿಸಿಕೊಳ್ಳಲು ನೋಡಿದ್ದರು. ಸಹಿ ಹಾಕಬೇಡವೆಂದು ಹೇಳಿ, ಈ ಲೆಕ್ಕವನ್ನು ದಿನಾಂಕ ಸಹಿತ ಒಂದೇ ಪುಟದಲ್ಲಿ ಬರೆದು ಅಲ್ಲಿನ ಕಾರ್ಮಿಕ ಇಲಾಖೆಗೆ ಅವನಿಂದಲೇ ದೂರು ಕೊಡಿಸಿದೆ. ಎರಡು ತಿಂಗಳೊಳಗೆ ಪೂರ್ತಿ ಹಣ ಬಂತೆಂದು ನೆನಪು. ಮಾಹಿತಿ ಶಿಬಿರಗಳಿಂದ ಆಗದ್ದನ್ನು ಈ ಒಂದು ಪುಟ ಮಾಡಿತು. ಮರುವಾರದಿಂದಲೇ ಜನ ಹುಡುಕಿಕೊಂಡು ಬರತೊಡಗಿದರು.

ವಿದೇಶದಲ್ಲಿರುವ ಭಾರತೀಯರ ದೂರು ಪಡೆಯುವ 2015ರ ‘ಮದದ್’ ಜಾಲತಾಣವಾಗಲಿ, ಶವ ತರಿಸಲು ನೆರವಾಗುವ 2009ರ ಭಾರತೀಯ ಸಮುದಾಯ ಕಲ್ಯಾಣ ನಿಧಿಯಾಗಲಿ ಈ ಕೆಲಸದಲ್ಲಿರುವವರಿಗೆ ಹೊಸತಲ್ಲ. ಆ ಅರ್ಜಿಗಳ ಮೊದಲ ಸಾಲನ್ನು ನಾನು ಹೇಗೆ ಬರೆಯುತ್ತೇನೆಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಎಲ್ಲರೂ ಹಾಗೆಯೇ ಬರೆದರೆ ಅದರ ಬಿಸಿ ಆರಿಹೋದೀತು.

ನಡುವೆ ಇನ್ನೊಂದು ಪ್ರಯೋಗವೂ ನಡೆಯಿತು. ಪೈವಳಿಕೆ ಕಡೆಯ ಕೆಂಪುಕಲ್ಲಿನ ಕೋರೆಗಳಲ್ಲಿ ದುಡಿಯುವ ಬಂಗಾಳ, ಒಡಿಶಾದವರ ಕೂಲಿಯನ್ನು ತಡೆಹಿಡಿಯುವ ಉಪಾಯಗಳು ನಾನು ದುಬೈಯಲ್ಲಿ ಕಂಡವುಗಳೇ. ವಿಶ್ವ ಪೌರತ್ವವೆಂದು ಭಾಷಣಗಳಲ್ಲಿ ಕೇಳುವುದು ನನಗೆ ಅರ್ಥವಾದದ್ದು ಈ ಕೋರೆಗಳಲ್ಲಿ. ನಾನು ನೇರವಾಗಿ ಕೋರೆಗೆ ಹೋದಾಗ ಯಾರೂ ಮಾತಾಡಲಿಲ್ಲ. ಅವರು ಸಾಲ ಬರೆಸುವ ದಿನಸಿ ಅಂಗಡಿಯಲ್ಲಿ ಭಾನುವಾರ ಕುಳಿತಾಗ ಅಸಂಘಟಿತ ಕಾರ್ಮಿಕರ ನೋಂದಣಿಯ ಇ-ಶ್ರಮ್ ಕಾರ್ಡಿಗೂ ಹೊರರಾಜ್ಯದ ಕಾರ್ಮಿಕರಿಗಾಗಿ ಇರುವ ಕೇರಳದ ‘ಆವಾಸ್’ ಆರೋಗ್ಯ ವಿಮೆಗೂ ಸಾಲು ನಿಂತರು. ಊರವರಿಗೇ ಸಮಯ ಸಾಲದಿರುವಾಗ ಹೊರಗಿನವರಿಗೇಕೆ ಎಂದು ಆಕ್ಷೇಪಿಸಿದವರಲ್ಲಿ ಹೆಚ್ಚಿನವರ ಮಕ್ಕಳು ಗಲ್ಫಿನಲ್ಲಿದ್ದಾರೆ.

ಜೆರಾಕ್ಸು, ಇಂಟರ್‌ನೆಟ್, ಬಸ್ಸು ಸೇರಿ ತಿಂಗಳಿಗೆ ಸಾವಿರದೈನೂರರ ಆಸುಪಾಸು ಖರ್ಚು. ಹಣ ಸಿಕ್ಕಿದವರಿಂದ ಕಾಣಿಕೆ ತೆಗೆದುಕೊಳ್ಳುವುದಿಲ್ಲ. ಬದಲಿಗೆ ಇನ್ನೊಬ್ಬರ ಕಡತವೊಂದನ್ನು ಮುಗಿಯುವ ತನಕ ಅವರೇ ಬೆನ್ನುಹತ್ತಬೇಕೆಂದು ಷರತ್ತು ಹಾಕುತ್ತೇನೆ. ಅರ್ಧದಷ್ಟು ಮಂದಿ ಮತ್ತೆ ಮುಖ ತೋರಿಸುವುದಿಲ್ಲ. ಉಳಿದವರಲ್ಲಿ ಕುಂಬಳೆಯ ಆ ಹುಡುಗ ಈಗ ಗ್ರಾಚ್ಯುಯಿಟಿಯ ಲೆಕ್ಕವನ್ನು ನನಗಿಂತ ಬೇಗ ಮಾಡುತ್ತಾನೆ, ಭಾನುವಾರದ ದಿನಸಿ ಅಂಗಡಿಯನ್ನು ಅವನಿಗೇ ವಹಿಸಿದ್ದೇನೆ.