ಬ್ರಾಂಚ್ ಚೇಂಜ್ ಮಾಡೋದಾ ಬೇಡ್ವಾ, ತೀರ್ಮಾನ ಮಾಡೋದು ಹೀಗೆ

ಫಸ್ಟ್ ಸೆಮ್ ರಿಸಲ್ಟ್ ಬಂದ ವಾರ ಹಾಸನದಲ್ಲಿ ನನ್ನ ಮ್ಯಾಥ್ಸ್ ಟ್ಯೂಷನ್‌ಗೆ ಬರೋ ಇಂಜಿನಿಯರಿಂಗ್ ಮಕ್ಕಳಲ್ಲಿ ಒಬ್ರಾದ್ರೂ ಕಣ್ಣು ಕೆಂಪು ಮಾಡ್ಕೊಂಡು ಬಂದು "ಸರ್, ಈ ಬ್ರಾಂಚ್ ನನಗಾಗಲ್ಲ, ಬಿಟ್ಬಿಡ್ತೀನಿ" ಅಂತಾರೆ. ಕೆಲವ್ರಿಗೆ ನಿಜವಾಗ್ಲೂ ಆಗಲ್ಲ. ಇನ್ನು ಕೆಲವ್ರಿಗೆ ಆಗದೇ ಇರೋದು ಹಾಸ್ಟೆಲ್ಲು, ಬಸ್ಸು, ಒಬ್ಬ ಲೆಕ್ಚರರ್ರು, ಇಲ್ಲಾಂದ್ರೆ ಪಿಯುಸಿವರೆಗೂ ಕನ್ನಡದಲ್ಲಿ ಅರ್ಥ ಮಾಡ್ಕೊಂಡಿದ್ದು ಈಗ ಪೂರ್ತಿ ಇಂಗ್ಲಿಷಲ್ಲಿ ಬರ್ತಿರೋದು. ಇದೆರಡನ್ನ ಬೇರೆ ಮಾಡಿ ನೋಡೋದ್ರಲ್ಲೇ ಎಲ್ಲರೂ ಎಡವೋದು.

ಮೊದಲು ಒಂದು ನೂರು ಪೇಜಿನ ನೋಟ್‌ಬುಕ್ ತಗೊಳಿ, ಮೊಬೈಲಲ್ಲಿ ಬರೀಬೇಡಿ, ಅದನ್ನ ಯಾರೂ ತಿರುಗಿ ಓದಲ್ಲ. ಎರಡು ವಾರ ದಿನಾ ಸಂಜೆ ಮೂರೇ ವಿಷಯ ಬರೀರಿ: ಇವತ್ತು ಯಾವ ಕ್ಲಾಸ್ ಕಷ್ಟ ಆಯ್ತು, ಕಷ್ಟ ಆಗಿದ್ದು ಪಾಠಾನಾ ಪಾಠ ಮಾಡಿದ ರೀತಿನಾ, ಯಾರೂ ಹೇಳದೇ ಇದ್ರೂ ಇವತ್ತು ಏನನ್ನ ಕೂತು ಓದ್ದೆ. ಸಕಲೇಶಪುರದಿಂದ ದಿನಾ ಸುಮಾರು 40 ಕಿಲೋಮೀಟರ್ ಬಸ್ಸಲ್ಲಿ ಬರ್ತಿದ್ದ ಒಂದು ಹುಡುಗಿ ಸಿವಿಲ್ ಬೇಡ್ವೇ ಬೇಡ ಅಂತಿದ್ಲು, ಅವಳ ಬುಕ್ ತೆಗೆದು ನೋಡಿದ್ರೆ ದೂರೆಲ್ಲಾ ಮಧ್ಯಾಹ್ನದ ಕ್ಲಾಸ್ ಮೇಲೇ, ಬೆಳಗಿನ ಪಾಠ ಚೆನ್ನಾಗೇ ತಲೆಗೆ ಹೋಗಿತ್ತು, ನಿದ್ದೆ ಇಲ್ಲದೇ ಸುಸ್ತಾಗಿದ್ಲು ಅಷ್ಟೇ. ಮನೆಯವ್ರು ಹಾಸನದಲ್ಲೇ ರೂಮ್ ಮಾಡ್ಕೊಟ್ರು, ಅದೇ ಬ್ರಾಂಚಲ್ಲಿ ಓದ್ತಿದ್ದಾಳೆ. ಇನ್ನೊಬ್ಬ ಎಲೆಕ್ಟ್ರಿಕಲ್ ಹುಡುಗ ಎಲ್ಲದ್ರಲ್ಲೂ ಒಳ್ಳೇ ಮಾರ್ಕ್ಸ್ ತೆಗೆದಿದ್ದ, ಆದ್ರೆ ಹದಿನಾಲ್ಕು ದಿನದಲ್ಲಿ ತಾನಾಗೇ ಕೂತು ಮಾಡಿದ್ದು ಪ್ರೋಗ್ರಾಮಿಂಗ್ ಒಂದೇ. ಅವನಿಗೆ ಬದಲಾಯಿಸು ಅಂತ ನಾನೇ ಹೇಳ್ದೆ. ಮಾರ್ಕ್ಸ್ ನೋಡಿ ತೀರ್ಮಾನ ಮಾಡಿದ್ರೆ ಇಬ್ರದ್ದೂ ಉಲ್ಟಾ ಆಗ್ತಿತ್ತು.

ಮ್ಯಾಥ್ಸ್‌ಗೆ ಹೆದರಿ ಮೆಕ್ಯಾನಿಕಲ್ ಬಿಟ್ಟು ಕಂಪ್ಯೂಟರ್ ಸೈನ್ಸ್‌ಗೆ ಹೋಗೋ ಪ್ಲಾನ್ ಇದ್ರೆ ಈಗ್ಲೇ ಬಿಡಿ, ಅಲ್ಲಿ ಡಿಸ್ಕ್ರೀಟ್ ಮ್ಯಾಥ್ಸು, ಪ್ರಾಬಬಿಲಿಟಿ ಕಾಯ್ತಾ ಇರುತ್ತೆ.

ಆಮೇಲೆ, ಹೋಗ್ಬೇಕು ಅನ್ಕೊಂಡಿರೋ ಬ್ರಾಂಚಿನ ಐದನೇ ಸೆಮ್ ಸಿಲಬಸ್ ತೆಗೀರಿ, ಮೊದಲ ವರ್ಷದ್ದು ನೋಡಿದ್ರೆ ಏನೂ ಗೊತ್ತಾಗಲ್ಲ. ಅಲ್ಲಿನ ಸೀನಿಯರ್ ಒಬ್ಬರ ಜೊತೆ ಮೂರು ಸಂಜೆ ಕೂತು ಅವರ ಲ್ಯಾಬ್ ರೆಕಾರ್ಡು, ಹಳೇ ಕ್ವಶ್ಚನ್ ಪೇಪರ್ ತಿರುವಿ. ದುಡ್ಡು ಕೊಟ್ಟು ಮಾಡೋ ಆನ್‌ಲೈನ್ ಕರಿಯರ್ ಟೆಸ್ಟ್ ಖಂಡಿತ ಬೇಡ, ನನ್ನ ಹತ್ರ ತಂದು ತೋರಿಸಿದ ರಿಪೋರ್ಟೆಲ್ಲಾ ಯಾರಿಗೆ ಬೇಕಾದ್ರೂ ಹೊಂದೋ ಥರ ಇದ್ವು.

ಮೂರನೇದು ಕಾಲೇಜ್ ಆಫೀಸು. ಅದೇ ಕಾಲೇಜಲ್ಲಿ ಮೊದಲ ವರ್ಷ ಮುಗಿದ್ಮೇಲೆ ಬದಲಾಯಿಸೋದಾದ್ರೆ ಆ ಬ್ರಾಂಚಲ್ಲಿ ಸೀಟ್ ಖಾಲಿ ಇರ್ಬೇಕು, ಇದ್ರೂ ಮಾರ್ಕ್ಸ್ ಜಾಸ್ತಿ ಇದ್ದೋರಿಗೆ ಮೊದಲು. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮಲ್ಲಿ, ಅಂದ್ರೆ ಆ ವರ್ಷದ ಸಿಲಬಸ್ಸಲ್ಲಿ, ಮೊದಲ ವರ್ಷದ ಮ್ಯಾಥ್ಸೇ ಸ್ಟ್ರೀಮ್ (ಬ್ರಾಂಚ್‌ಗಳ ಗುಂಪು) ಪ್ರಕಾರ ಬೇರೆ ಬೇರೆ, ಹಾಗಾಗಿ ಯಾವ ಪೇಪರ್ ಮತ್ತೆ ಬರೀಬೇಕು ಅಂತ ಕೇಳಿ ಬರ್ಕೊಳಿ. ನಮ್ಮ ಮಲೆನಾಡು ಇಂಜಿನಿಯರಿಂಗ್ ಕಾಲೇಜಿನ ಥರ ಅಟಾನಮಸ್ ಆದ್ರೆ ಅವರದೇ ಸಿಲಬಸ್ ಇರುತ್ತೆ, ಅಲ್ಲೇ ಕೇಳಿ. ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್) ಸ್ಕಾಲರ್‌ಶಿಪ್ ಬರ್ತಿದ್ರೆ ಅದು ಮುಂದುವರಿಯುತ್ತಾ ಅಂತ ಅವತ್ತೇ ವಿಚಾರಿಸಿ.

ಸೀಟ್ ಇಲ್ಲಾಂದ್ರೆ ಇನ್ನೊಂದು ದಾರಿ ಸಿಇಟಿ ಮತ್ತೆ ಬರೆಯೋದು, ಒಂದು ವರ್ಷ ಹೋಗುತ್ತೆ, ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಮಾರ್ಕ್ಸು ಅರ್ಧ ಸಿಇಟಿ ಅರ್ಧ, ಪಿಯುಸಿ ಮಾರ್ಕ್ಸ್ ಕಮ್ಮಿ ಇದ್ರೆ ಲೆಕ್ಕ ಹಾಕಿ ನೋಡಿ. "ಸೀಟ್ ಮಾಡಿಸ್ಕೊಡ್ತೀವಿ" ಅನ್ನೋ ಏಜೆಂಟ್‌ಗೆ ಒಂದು ರೂಪಾಯಿನೂ ಕೊಡ್ಬೇಡಿ.

ಮನೇಲಿ ಹೇಳೋದು ಇಷ್ಟೆಲ್ಲಾ ಆದ್ಮೇಲೆ. ಅಪ್ಪ ಅಮ್ಮ ಇಬ್ರನ್ನೂ ಕೂರಿಸಿ ನೋಟ್‌ಬುಕ್ಕು, ಫೀಸಿನ ಲೆಕ್ಕ ಎರಡೂ ಮುಂದಿಡಿ, ಫೋನಲ್ಲಿ ಬೇಡ.

ಇದು ಮುಗಿಯೋವರೆಗೂ ಈಗಿರೋ ಕ್ಲಾಸ್ ಬಿಡ್ಬೇಡಿ, ವಿಟಿಯುನಲ್ಲಿ ಹಾಜರಾತಿ 85% ಬೇಕು. ಹೊಸ ಸೀಟಿನ ಲೆಟರ್ ಕೈಗೆ ಬರೋ ತನಕ ಟಿಸಿ ಕೇಳ್ಬೇಡಿ. ಅರ್ಜಿ ಕೊಟ್ಟಾಗ ಅದರ ಜೆರಾಕ್ಸ್ ಮೇಲೆ ಆಫೀಸಿನ ಸೀಲು, ತಾರೀಕು ಹಾಕಿಸ್ಕೊಂಡೇ ಹೊರಗೆ ಬನ್ನಿ.